ಧರೆಗೂ ಅಂಗಳಕ್ಕೂ ನಮ್ಮ ನೆಲದ ಹುಲ್ಲುಗಳು

ಪ್ರಶ್ನೆ (ಸದಾಶಿವಗಡ):
ನಮ್ಮ ಮನೆಯ ಹಿಂದೆ ಜಂಬಿಟ್ಟಿಗೆ ಮಣ್ಣಿನ ಧರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು, ಇದ್ದು, ಪ್ರತಿ ಮಳೆಗಾಲದಲ್ಲಿಯೂ ಅದರ ಅಂಚು ಸ್ವಲ್ಪ ಸ್ವಲ್ಪವೇ ಕೊಚ್ಚಿಹೋಗುತ್ತಿದೆ. ನರ್ಸರಿಯಲ್ಲಿ ಆಫ್ರಿಕಾ ಮೂಲದ ಫೌಂಟನ್ ಹುಲ್ಲನ್ನು ನೆಡುವಂತೆ ಹೇಳಿದರು. ಆದರೆ ಇಲ್ಲಿಯದೇ ಹುಲ್ಲುಗಳಿಂದ ಧರೆಯನ್ನು ಉಳಿಸಿಕೊಂಡು ಅಂಗಳವನ್ನೂ ಚೆಂದಗಾಣಿಸಬೇಕೆಂಬುದು ನನ್ನ ಆಸೆ. ಯಾವುದನ್ನು ಎಲ್ಲಿ ನೆಡಬೇಕು? ಮನೆಯಲ್ಲಿ ಚಿಕ್ಕ ಮಕ್ಕಳಿರುವುದರಿಂದ ಹಾವಿನ ಚಿಂತೆಯೂ ಇದೆ.

ಉತ್ತರ (ಶಿರಸಿ):
ಧರೆಗೆ ಲಾವಂಚವನ್ನೇ ನೆಡಿ. ಅದರ ಬೇರು ಪಕ್ಕಕ್ಕೆ ಹರಡದೆ ನೇರವಾಗಿ ಕೆಳಗಿಳಿಯುತ್ತದೆ. ಮಣ್ಣು ಆಳವಾಗಿದ್ದರೆ 3 ಮೀಟರಿನವರೆಗೂ ಹೋಗುತ್ತದೆ. ನಮ್ಮಲ್ಲಿ ಬೆಳೆಸುವ ಲಾವಂಚ ಬೀಜದಿಂದ ಹಬ್ಬುವುದಿಲ್ಲವಾದ್ದರಿಂದ, ನೆಟ್ಟ ಜಾಗ ಬಿಟ್ಟು ಬೇರೆಡೆ ಕಳೆಯಾಗಿ ಕಾಡುವ ಭಯವಿಲ್ಲ. ಮುಂಗಾರು ಹಿಡಿದು ನೆಲ ಚೆನ್ನಾಗಿ ನೆನೆದ ಮೇಲೆ ಬುಡವನ್ನು ಒಡೆದು, ಒಂದೊಂದು ಹಿಳ್ಳನ್ನೂ 10ರಿಂದ 15 ಸೆಂಟಿಮೀಟರ್ ಅಂತರದಲ್ಲಿ, ಇಳಿಜಾರಿಗೆ ಅಡ್ಡಲಾಗಿ ಒಂದೇ ಸಾಲಿನಲ್ಲಿ ಊರಿದರೆ, ಸಾಲು ಕೂಡಿಕೊಂಡ ಮೇಲೆ ಹರಿದು ಬರುವ ಮಣ್ಣು ಅದರ ಹಿಂದೆಯೇ ನಿಲ್ಲುತ್ತದೆ. ಅಡುಗೆಮನೆಯ ಹಿಂಬದಿಗೆ ಮಜ್ಜಿಗೆ ಹುಲ್ಲು (ಲೆಮನ್ ಗ್ರಾಸ್) ಸಾಕು. ಅದರ ಉಪಯೋಗವನ್ನು ನಿಮಗೆ ಹೇಳಬೇಕಾಗಿಲ್ಲ.

ನಿಜವಾದ ಅಂದವಿರುವುದು ನಮ್ಮ ಬೇಣದ (ಹುಲ್ಲುಗಾವಲಿನ) ಕರಡದಲ್ಲಿ, ಅಂದರೆ ಅಲ್ಲಿ ತಾನಾಗಿ ಬೆಳೆಯುವ ಹುಲ್ಲಿನಲ್ಲಿ, ಎಂದು ನಾನು ನಂಬಿದ್ದೇನೆ. ಮಳೆ ಬಿದ್ದೊಡನೆ ಚಿಗುರಿ, ಮಳೆ ಹಿಂದೆಗೆಯುವ ಹೊತ್ತಿಗೆ ತೆನೆ ಬಿಟ್ಟು, ಚಳಿಗಾಲದಲ್ಲಿ ಹೊಂಬಣ್ಣಕ್ಕೆ ತಿರುಗುವ ಅದನ್ನು ದನದ ಮೇವೆಂದಷ್ಟೇ ಎಣಿಸುತ್ತೇವೆ. ಆದರೆ ಕೆಲವು ಜಾತಿಗಳ ಬೀಜದ ಮುಳ್ಳು ಬಟ್ಟೆಗೆ ಚುಚ್ಚಿಕೊಳ್ಳುತ್ತದೆ, ಆದ್ದರಿಂದ ಓಡಾಡುವ ದಾರಿಯ ಬದಿಗೆ ಅದು ಬೇಡ.

ಉತ್ತರ (ಅಂಕೋಲಾ):
ಮೇಲಿನ ಮಾತಿಗೆ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಹೊಳೆಯಂಚಿನಲ್ಲಿ ಬಿಳಿಯ ತೆನೆ ಬಿಡುವ ಕಾಶದ ಹುಲ್ಲು ಬಹಳ ಸುಂದರವಾದುದು, ಆದರೂ ಚಿಕ್ಕ ಅಂಗಳಕ್ಕೆ ತರಬೇಡಿ. ನೆಲದೊಳಗಿನ ಕಾಂಡದಿಂದಲೂ ಗಾಳಿಗೆ ಹಾರುವ ಬೀಜದಿಂದಲೂ ಅದು ಹಬ್ಬುತ್ತದೆ. ಅದರ ಗಟ್ಟಿತನ ಸಾಮಾನ್ಯವಾದುದಲ್ಲ: ಕೊಯಮತ್ತೂರಿನಲ್ಲಿ ಕಬ್ಬಿನೊಡನೆ ಅದನ್ನು ಸಂಕರಿಸಿಯೇ ಕೋ 205 ಎಂಬ ತಳಿಯನ್ನು ಪಡೆದರು. ಕಡಲತೀರದ ರಾವಣನ ಮೀಸೆ ಎಂಬ ಹುಲ್ಲನ್ನೂ ಕಿತ್ತು ತರಬಾರದು. ಮೊನಚಾದ ಆ ಎಲೆ ಮಕ್ಕಳಿಗೆ ಅಪಾಯ, ಮೇಲಾಗಿ ತೀರದ ಮರಳು ಹಾರಿಹೋಗದಂತೆ ಹಿಡಿದಿಡುವುದು ಅದೇ.

ಪ್ರಶ್ನಿಸಿದವರು (ಸದಾಶಿವಗಡ):
ಇಬ್ಬರಿಗೂ ಕೃತಜ್ಞತೆಗಳು. ಬೇಸಿಗೆಯಲ್ಲಿ ಕರಡಕ್ಕೆ ನೀರು ಕೊಡಬೇಕೇ? ಹಾವಿನ ವಿಷಯವನ್ನೂ ದಯವಿಟ್ಟು ತಿಳಿಸಿ.

ಉತ್ತರ (ಶಿರಸಿ):
ಕರಡಕ್ಕೆ ನೀರು ಬೇಡ. ಒಣಗುವುದು ಅದರ ಸ್ವಭಾವ. ಒಣಗಿದ ಮೇಲೆ ಬೆಂಕಿಯ ಭಯವಿರುವುದರಿಂದ, ಬೇಸಿಗೆ ಬಲಿಯುವ ಮೊದಲೇ ಗೇಣುದ್ದ ಬಿಟ್ಟು ಕೊಯ್ದು, ಕೊಯ್ದದ್ದನ್ನು ಗಿಡಗಳ ಬುಡಕ್ಕೆ ಮುಚ್ಚಿಗೆಯಾಗಿ ಹಾಕಿ. ಹಾವಿನ ವಿಷಯದಲ್ಲಿ ನಿಮ್ಮ ಚಿಂತೆ ಸರಿಯಾದುದೇ. ಎತ್ತರದ ಹುಲ್ಲನ್ನು ಬಾಗಿಲಿನಿಂದಲೂ ಬಾವಿಯ ದಾರಿಯಿಂದಲೂ ದೂರವಿಟ್ಟು, ನಡುವಿನ ನೆಲದಲ್ಲಿ ಗರಿಕೆಯನ್ನು ಬೆಳೆಸಿ ಗಿಡ್ಡವಾಗಿ ಕತ್ತರಿಸುತ್ತಿದ್ದರೆ, ಹಾವು ದಾಟಿದರೂ ಕಣ್ಣಿಗೆ ಬೀಳುತ್ತದೆ. ಲಾವಂಚದ ಹಿಳ್ಳು ಬೇಕಾದರೆ ತಿಳಿಸಿ, ಮಳೆ ಹಿಡಿದ ಮೇಲೆ ನಮ್ಮ ತೋಟದಿಂದ ಕೊಡುತ್ತೇನೆ.