ಗಾಳಿಗೆ ಕೊಂಡ ಕಾರಿಗೆ ಗಾಳಿ ಹಿಡಿದದ್ದು

“ಏನಪ್ಪಾ ಸೀನಿ, ಕಾರು ಎಲ್ಲಿಗೆ ಬಂತು?” ಅಂದರು ಮೇಷ್ಟ್ರು.

“ಎಲ್ಲಿಗೂ ಬಂದಿಲ್ಲ ಮೇಷ್ಟ್ರೇ. ಜಾಕ್ ಸ್ಟ್ಯಾಂಡ್ ಮೇಲೆ ನಿಂತಿದೆ.”

“ಕೆಲಸ ಎಲ್ಲಿಗೆ ಬಂತು ಅಂತ ಕೇಳ್ದೆ ಕಣೋ.”

“ಅದೂ ಜೊತೆಗೇ ನಿಂತಿದೆ,” ಅಂದಳು ವಿಮಲಕ್ಕ.

ಗುಂಡಣ್ಣನಿಗೆ ರೇಗಿತು. “ರೇಸ್ ಟ್ರ್ಯಾಕಿಗೆ ಬಿಡೋ ಕಾರು ಅಂದ್ರೆ ಹಾಗೇ ಅಕ್ಕಾ. ರಸ್ತೇಲಿ ಓಡ್ತಿದ್ದದ್ದನ್ನ ಹಾಗ್ಹಾಗೇ ತಗೊಂಡೋಗಿ ಟ್ರ್ಯಾಕಲ್ಲಿ ಬಿಡೋಕಾಗುತ್ತಾ? ತಯಾರು ಮಾಡ್ಬೇಕು.”

“ತಯಾರು ಮಾಡಿ ಆದ್ಮೇಲೆ ತಾನೇ ಕಂಪನಿಯವರು ಮಾರಿದ್ದು?” ಅಂದರು ಮೇಷ್ಟ್ರು. “ಅಲ್ಲ ಸೀನಿ, ಈ ಮಜ್ದಾ ಎಂಎಕ್ಸ್-5 ಯಾಕೆ ಕೊಂಡೆ ಅನ್ನೋದಾದ್ರೂ ಜ್ಞಾಪಕ ಇದೆಯಾ? ಕಪ್ಪೆ ಕಣ್ಣು ಬಿಟ್ಟ ಹಾಗೆ ಹೆಡ್‌ಲೈಟು ಮೇಲೇಳುತ್ತೆ, ಟಾಪು ಮಡಚಿ ಹೊರಟರೆ ಗಾಳಿ ತಲೆಗೂದಲಲ್ಲಿ ಆಡುತ್ತೆ ಅಂತ ಕುಣೀತಿದ್ದೆ. ನನ್ನ ತಲೇಲಿ ಅದು ಆಡೋದಕ್ಕೆ ಏನೂ ಉಳಿದಿರಲಿಲ್ಲ. ಆದರೂ ಹತ್ತಿ ಕೂತೆ. ಈಗ ಹೇಳು, ಆ ಗಾಳಿಗೆ ಏನು ಏರ್ಪಾಡು ಮಾಡಿದ್ದೀಯ?”

ಸೀನಿ ಗುಂಡಣ್ಣನ ಮುಖ ನೋಡಿದ. ಈಚೆಗೆ ಅವನು ಕಾರಿನ ವಿಷಯ ಏನು ಕೇಳಿದರೂ ಗುಂಡಣ್ಣನ ಮುಖವನ್ನೇ ನೋಡುತ್ತಾನೆ.

“ಮೊದಲು ವಿಂಗು,” ಅಂದ ಗುಂಡಣ್ಣ. “ಡಿಕ್ಕಿ ಮೇಲೆ ದೊಡ್ಡ ವಿಂಗು. ತಿರುವಲ್ಲಿ ಹಿಂದಿನ ಚಕ್ರಾನ ನೆಲಕ್ಕೆ ಒತ್ತಿ ಹಿಡಿಯುತ್ತೆ.”

“ಸರಿ.”

“ಆದರೆ ಟಾಪಿಲ್ಲದ ಕಾರಲ್ಲಿ ಗಾಜು ದಾಟಿದ ಗಾಳಿ ಸುತ್ತಿ ಸುಳಿದು ಕಲಸಿಹೋಗುತ್ತೆ. ವಿಂಗಿಗೆ ಬೇಕಾಗೋದು ಸರಾಗವಾದ ಗಾಳಿ. ಅದಕ್ಕೆ ಹಾರ್ಡ್‌ಟಾಪ್ ಹಾಕಿದ್ವಿ.”

“ಅಂದ್ರೆ ಗಾಳಿಗೋಸ್ಕರ ಕೊಂಡ ಕಾರಿನ ಮಾಡು ಮುಚ್ಚಿದ್ದು, ಗಾಳಿಗೋಸ್ಕರ?”

“ವಿಂಗಿನ ಗಾಳಿಗೋಸ್ಕರ.”

“ಮುಂದಕ್ಕೆ ಹೇಳು.”

“ಪೂರ್ತಿ ಮುಖ ಮುಚ್ಚೋ ಹೆಲ್ಮೆಟ್ಟು. ಎಸಿ ತೆಗೆಸಿದ್ವಿ, ಅದೊಂದು ದಂಡದ ತೂಕ. ಇನ್ನು ಎಂಜಿನ್ ಬಿಸಿ ಏರದೇ ಇರಲಿ ಅಂತ ಹೀಟರನ್ನ ಪೂರ್ತಿ ತಿರುಗಿಸಿಟ್ಟು ಓಡಿಸ್ಬೇಕು.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ತಡಿ. ಬಿಸಿಲಲ್ಲಿ, ಮುಚ್ಚಿದ ಕಾರೊಳಗೆ, ತಲೆಗೆ ಹೆಲ್ಮೆಟ್ ತೊಟ್ಟು, ಎಸಿ ಕಿತ್ತು, ಹೀಟರ್ ಹಾಕ್ಕೊಂಡು ಕೂರೋದು?”

“ಹೀಟರ್ ಅನ್ನೋದು ಒಂದು ಪುಟ್ಟ ರೇಡಿಯೇಟರೇ ಅಲ್ವಾ ಮೇಷ್ಟ್ರೇ. ಎಂಜಿನ್ನಿನ ಬಿಸಿ ಎಷ್ಟೋ ಇಳಿಯುತ್ತೆ.”

“ಇಳಿದು ಇವನಿಗೆ ಏರುತ್ತೆ. ವಿಂಗಿಗೆ ಗಾಳಿ, ಸೀನಿಗೆ ಹೀಟರು. ಕಿಟಕಿ ಗಾಜಾದ್ರೂ ಇಳಿಸೋಕೆ ಬಿಡ್ತೀರೋ?”

“ಟ್ರ್ಯಾಕಲ್ಲಿ ಗಾಜು ಇಳಿಸಿಯೇ ಓಡಿಸ್ಬೇಕು ಅಂತ ನಿಯಮಾನೇ ಇರುತ್ತೆ,” ಅಂದಳು ವಿಮಲಕ್ಕ. “ಏನಾದ್ರೂ ಆದ್ರೆ ಕೈ ಹಾಕಿ ಎಳೆಯೋಕೆ.”

“ಬರೋ ಗಾಳಿ ಅಷ್ಟೇ ಅನ್ನು. ಅದೂ ಆಪತ್ಕಾಲದ ಲೆಕ್ಕದಲ್ಲಿ.”

ಇಲ್ಲಿಂದ ಮಾತು ಎಂಜಿನ್ನಿಗೆ ಹೊರಳಿತು. ಹೊರಳಿಸಿದವನು ಗುಂಡಣ್ಣ. ಅದು ಹುಟ್ಟಿದ್ದು ಮಜ್ದಾ 323ರಂಥ ಕಾರುಗಳಲ್ಲಿ, ಬಾನೆಟ್ಟಿನ ಕೆಳಗೆ ಅಡ್ಡವಾಗಿ ಕೂರಲಿಕ್ಕೆ. ಇಲ್ಲಿ ಅದನ್ನೇ ಉದ್ದಕ್ಕೆ ತಿರುಗಿಸಿ ಕೂರಿಸಿದರು. ಎಂಜಿನ್ ತಂಪು ಮಾಡುವ ನೀರಿಗೆ ಬಾಗಿಲಿನಂತಿರುವ ಥರ್ಮೋಸ್ಟಾಟ್ ಮುಂದುಗಡೆ ಬಂತು. ನೀರು ಮುಂದಿನಿಂದಲೇ ಒಳಗೆ ಹೋಗಿ ಮುಂದಿನಿಂದಲೇ ಹೊರಗೆ ಬರುವುದರಿಂದ, ಹಿಂದಿನ ನಾಲ್ಕನೇ ಸಿಲಿಂಡರಿಗೆ ತಂಪು ಸಾಲುವುದಿಲ್ಲ. ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಟ್ರ್ಯಾಕಿನಲ್ಲಿ ಸುತ್ತಿನ ಮೇಲೆ ಸುತ್ತು ಹೊಡೆದರೆ ಗೊತ್ತಾಗುತ್ತದೆ. ಅದಕ್ಕೆ ನೀರು ಹಿಂದಿನಿಂದ ಹೊರಬರುವ ಹಾಗೆ ಪೈಪಿನ ದಾರಿ ಬದಲಾಯಿಸುತ್ತಾರೆ.

“ಹಿಂದಿನ ಬೆಂಚಿನವನಿಗೆ ಏನೂ ತಲುಪಲ್ಲ ಅನ್ನೋದು ನನಗೂ ಗೊತ್ತು,” ಅಂದರು ಮೇಷ್ಟ್ರು. “ಇದೊಂದು ನ್ಯಾಯವಾದ ಕೆಲಸ. ಮಾಡಿದ್ರಾ?”

“ಅದು ಮುಂದಿನ ಹಂತದಲ್ಲಿದೆ.”

“ವಿಂಗು ಮೊದಲ ಹಂತ!”

ಇವರಿಬ್ಬರೂ ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ರೋಲ್ ಬಾರ್. ಅದರ ಮೇಲೆ ಮೇಷ್ಟ್ರು ಕೂಡ ನಗಲಿಲ್ಲ. ಓಪನ್ ಕಾರು ಮಗುಚಿದರೆ ಮುಂದಿನ ಗಾಜಿನ ಚೌಕಟ್ಟು ಭಾರ ತಡೆಯುವುದಿಲ್ಲ, ತಲೆಯ ಹಿಂದೆ ಕಬ್ಬಿಣದ ಕಮಾನು ಇರಲೇಬೇಕು. ಅದರ ಪರೀಕ್ಷೆಗೆ ಯಂತ್ರಗಿಂತ್ರ ಬೇಕಿಲ್ಲ, ಪೊರಕೆಯ ಉದ್ದನೆಯ ಹಿಡಿ ಸಾಕು. ರೋಲ್ ಬಾರಿನ ತುದಿಯಿಂದ ಗಾಜಿನ ಚೌಕಟ್ಟಿನ ತುದಿಗೆ ಹಿಡಿ ಇಟ್ಟಾಗ ಚಾಲಕನ ಹೆಲ್ಮೆಟ್ಟು ಅದಕ್ಕೆ ತಾಗಕೂಡದು. ಬಹಳ ಕಡೆ ಎರಡು ಇಂಚು ಕೆಳಗೇ ಇರಬೇಕು ಅಂತಾರೆ.

“ಸೀನಿದು ತಾಗ್ತು,” ಅಂದ ಗುಂಡಣ್ಣ. “ಇವನು ಉದ್ದ.”

“ಮತ್ತೆ?”

“ಸೀಟಿನ ಸ್ಪಂಜು ಕೊಯ್ದು ತೆಗೆದ್ವಿ. ಈಗ ಹೆಲ್ಮೆಟ್ಟು ಹಿಡಿಯ ಕೆಳಗೆ ಬಂತು.”

“ಕಣ್ಣು?”

ಯಾರೂ ಮಾತಾಡಲಿಲ್ಲ.

“ಕಣ್ಣು ಸ್ಟೀರಿಂಗ್ ಮಟ್ಟಕ್ಕೆ ಬಂತು ಮೇಷ್ಟ್ರೇ,” ಅಂದ ಸೀನಿ, ಮೊದಲ ಬಾರಿಗೆ ತಾನಾಗಿ ಬಾಯಿಬಿಟ್ಟು. “ರಸ್ತೆ ಕಾಣುತ್ತೆ, ಸ್ವಲ್ಪ ದೂರದಿಂದ ಆಚೆಗೆ.”

“ತೊಂದರೆ ಇಲ್ಲ. ನೀನು ಗಾಳಿಗೆ ತಾನೇ ಕೊಂಡಿದ್ದು, ನೋಡೋದಕ್ಕಲ್ಲವಲ್ಲ.”

“ನೀವು ಎಲ್ಲಕ್ಕೂ ತಮಾಷೆ ಮಾಡ್ತೀರಿ,” ಅಂದ ಗುಂಡಣ್ಣ. “ತೂಕ ಇಳಿಸೋದು ಇಡೀ ಜಗತ್ತು ಒಪ್ಪಿರೋ ಶಾಸ್ತ್ರ. ಕಾರ್ಪೆಟ್ ತೆಗೆದ್ವಿ, ರೇಡಿಯೋ ತೆಗೆದ್ವಿ, ಸ್ಟೆಪ್ನಿ ತೆಗೆದ್ವಿ, ಪಕ್ಕದ ಸೀಟು ತೆಗೆದ್ವಿ.”

“ಪಕ್ಕದ ಸೀಟು?”

“ಅಟ್ಟದ ಮೇಲಿದೆ.”

“ಅದರ ಒಟ್ಟು ತೂಕಾನೇ ಎಷ್ಟಿತ್ತೋ?”

“ಹತ್ತಿರ ಹತ್ತಿರ 950 ಕೆಜಿ.”

“ಅದರಲ್ಲಿ ಕಳೆದೆ. ಆಮೇಲೆ ರೋಲ್ ಬಾರ್, ಹಾರ್ಡ್‌ಟಾಪ್, ವಿಂಗು ಅಂತ ಕೂಡಿಸಿದೆ. ಈ ಲೆಕ್ಕ ನನ್ನ ಕ್ಲಾಸಲ್ಲಿ ಮಾಡಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ.” ಮೇಷ್ಟ್ರು ಇನ್ನು ನಿಲ್ಲುವ ಹಾಗಿರಲಿಲ್ಲ. “1989ರ ಫೆಬ್ರವರೀಲಿ ಷಿಕಾಗೋ ಪ್ರದರ್ಶನದಲ್ಲಿ ಈ ಕಾರನ್ನ ತಂದು ನಿಲ್ಲಿಸಿದಾಗ ಅದರೊಳಗಿದ್ದದ್ದು ಬರೀ 1.6 ಲೀಟರ್ ಎಂಜಿನ್ನು, 115ರ ಆಸುಪಾಸು ಕುದುರೆಶಕ್ತಿ. 1960ರ ದಶಕದ ಬ್ರಿಟಿಷ್ ಓಪನ್ ಕಾರುಗಳ ಸುಖಾನೆಲ್ಲ ಇಟ್ಕೊಂಡು, ಅವು ನೆಲಕ್ಕೆ ಹನಿಸ್ತಿದ್ದ ಆಯಿಲನ್ನ ಮಾತ್ರ ಬಿಟ್ಟು ಕಟ್ಟಿದ್ರು. ಭಾರ ಎರಡೂ ಕಡೆ ಸಮ ಇರಲಿ ಅಂತ ಬ್ಯಾಟರೀನ ಹಿಂದಕ್ಕೆ, ಡಿಕ್ಕಿಗೆ ಸಾಗಿಸಿದ್ರು. ಅಷ್ಟು ನಾಜೂಕಾಗಿ ತೂಗಿಟ್ಟದ್ದನ್ನ ನೀವಿಬ್ಬರು ಒಂದು ಸ್ಪಾನರ್ ಹಿಡ್ಕೊಂಡು ತಿದ್ದೋಕೆ ಹೊರಟಿದ್ದೀರಿ. 2000ದಲ್ಲಿ ಗಿನ್ನೆಸ್‌ನವರು, ಜಗತ್ತಲ್ಲೇ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಅಂತ ಬರ್ಕೊಂಡರು. 2016ಕ್ಕೆ ತಯಾರಾದ ಕಾರುಗಳ ಲೆಕ್ಕ ಹತ್ತು ಲಕ್ಷ ಮುಟ್ತು. ಎರಡು ಸೀಟಿನದು! ನಿನ್ನ ಕಾರೊಂದನ್ನ ಆ ಲೆಕ್ಕದಿಂದ ಹೊಡೆದು ಹಾಕ್ಬೇಕು.”

“ಅಮೆರಿಕದಲ್ಲಿ ಇದೇ ಕಾರಿಗೆ ಅಂತಲೇ ಇರೋ ಸ್ಪೆಕ್ ಮಿಯಾಟಾ ರೇಸಲ್ಲಿ ಓಡೋವಕ್ಕೆಲ್ಲ ಹಾರ್ಡ್‌ಟಾಪ್ ಇದೆ, ಒಂದೇ ಸೀಟಿದೆ,” ಅಂದ ಗುಂಡಣ್ಣ.

“ಅವರು ರೇಸ್ ಮಾಡ್ತಾರೆ. ನೀವು ಸ್ಟ್ಯಾಂಡ್ ಮೇಲೆ ನಿಲ್ಲಿಸ್ತೀರಿ. ಅಂದ ಹಾಗೆ ಗುಂಡಣ್ಣ, ನಿನ್ನ ಕಾರು ಯಾವುದು?”

“ನಂಗೆ ಕಾರಿನ ಹುಚ್ಚಿಲ್ಲ ಮೇಷ್ಟ್ರೇ. ನಂದು ಬರೀ ಸೆಟಪ್ಪು.”

ವಿಮಲಕ್ಕ ಇಷ್ಟು ಹೊತ್ತೂ ಕಾದಿದ್ದಳು. ನಾಲ್ವರಲ್ಲಿ ಟ್ರ್ಯಾಕಿನಲ್ಲಿ ಕಾರು ಓಡಿಸಿದವಳು ಅವಳೊಬ್ಬಳೇ. ಅದಕ್ಕೇ ಇರಬೇಕು, ಅವಳು ಅದರ ವಿಷಯ ಮಾತಾಡುವುದು ಕಮ್ಮಿ. “ಬ್ರೇಕ್ ಆಯಿಲ್ ಬದಲಾಯ್ಸಿದ್ರಾ?” ಅಂದಳು.

ಸೀನಿ ಗುಂಡಣ್ಣನನ್ನು ನೋಡಿದ. ಗುಂಡಣ್ಣ ಜಾಕನ್ನು ನೋಡಿದ.

“ಅದು ಗಾಳಿಯಿಂದ ನೀರು ಹೀರ್ಕೊಳ್ಳುತ್ತೆ ಕಣ್ರೋ. ಡಾಟ್ 4 ದರ್ಜೆಯ ಹೊಸ ಆಯಿಲ್ ಆದ್ರೆ ಕಡಿಮೆ ಅಂದ್ರೂ 230 ಡಿಗ್ರಿವರೆಗೆ ಕುದಿಯಲ್ಲ. ನೀರು ಸೇರಿದ್ದಕ್ಕೆ ಅದೇ ಮಿತಿ 155. ಟ್ರ್ಯಾಕಲ್ಲಿ ಒಂದರ ಹಿಂದೊಂದು ಗಟ್ಟಿಯಾಗಿ ಬ್ರೇಕ್ ಒತ್ತಿದ್ರೆ ಹಳೇ ಆಯಿಲ್ ಕುದ್ದು ಗುಳ್ಳೆ ಏಳುತ್ತೆ. ಪೆಡಲ್ ನೆಲಕ್ಕೆ ಹೋಗುತ್ತೆ, ಕಾರು ನಿಲ್ಲಲ್ಲ.”

“ನೋಡಿದ್ಯಾ ಸೀನಿ,” ಅಂದರು ಮೇಷ್ಟ್ರು. “ನಿನ್ನ ಕಾರಲ್ಲಿ ಹೊರಗಿನ ಗಾಳಿ ಕಂಡಿರೋದು ಬ್ರೇಕ್ ಆಯಿಲ್ ಒಂದೇ. ಅದನ್ನೂ ಚೆಲ್ಲಬೇಕಂತೆ.”

“ಹೊಸ ಆಯಿಲ್ಲು, ಬಿಸಿ ತಡೆಯೋ ಪ್ಯಾಡು, ಒಳ್ಳೇ ಟೈರು,” ಅಂದಳು ವಿಮಲಕ್ಕ. “ಅಲೈನ್‌ಮೆಂಟ್ ಮಾಡಿಸೋವಾಗ ಮುಂದಿನ ಚಕ್ರದ ತಲೆ ಸ್ವಲ್ಪ ಒಳಗೆ ವಾಲೋ ಹಾಗೆ ಕ್ಯಾಂಬರ್ ಇಡಿಸು. ಇಲ್ದಿದ್ರೆ ಟೈರಿನ ಹೊರ ಅಂಚು ಒಂದೇ ದಿನದಲ್ಲಿ ಸವೆದು ಹೋಗುತ್ತೆ. ವೀಲ್ ನಟ್ಟನ್ನ ಟಾರ್ಕ್ ರೆಂಚಲ್ಲಿ ನೋಡು. ಮೊದಲ ಸಲಕ್ಕೆ ಇಷ್ಟು ಸಾಕು. ಇನ್ನೊಂದು, ಇನ್‌ಸ್ಟ್ರಕ್ಟರ್ ಎಲ್ಲಿ ಕೂರ್ತಾರೆ?”

“ಯಾವ ಇನ್‌ಸ್ಟ್ರಕ್ಟರ್?”

“ನೀನು ಹೆಸರು ಕೊಟ್ಟಿರೋದು ಹೊಸಬರ ಗುಂಪಲ್ಲಿ. ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇಲ್ದೆ ಟ್ರ್ಯಾಕಿಗೇ ಬಿಡಲ್ಲ. ನಿಯಮದಲ್ಲಿ ಬರೆದಿದ್ದಾರೆ, ಓದಲಿಲ್ವಾ?”

ಮೇಷ್ಟ್ರು ನಗುತ್ತಾರೆ ಅಂತ ಎಲ್ಲರೂ ಕಾದರು. ಅವರು ನಗಲಿಲ್ಲ. “ಕಲಿಸೋನಿಗೆ ಜಾಗ ಇಲ್ಲದ ಕ್ಲಾಸು,” ಅಂದರು ಅಷ್ಟೆ. ಸ್ವಲ್ಪ ಹೊತ್ತಾದ ಮೇಲೆ, “ಆವತ್ತು ಆ ಸೀಟಲ್ಲಿ ಕೂತಿದ್ದೆ. ನೀನು ಏನೇನೋ ಹೇಳ್ತಾ ಇದ್ದೆ. ಗಾಳೀಲಿ ಒಂದಕ್ಷರ ಕೇಳಿಸಲಿಲ್ಲ. ಎಲ್ಲದಕ್ಕೂ ಹೂಂ ಅಂದೆ.”

“ಗೊತ್ತು ಮೇಷ್ಟ್ರೇ. ಕೇಳಿಸ್ತಿಲ್ಲ ಅಂತ ಗೊತ್ತಾದ ಮೇಲೇ ಹೇಳಿದ್ದು.”

“ಏನು ಹೇಳಿದ್ದೋ?”

ಸೀನಿ ಸ್ಪಾನರನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. “ಅದು ಕಿರುಚಿ ಹೇಳೋವಂಥದ್ದು. ಹಿಂಗೆ ಎದುರಿಗೆ ಕೂತು ಹೇಳಕ್ಕಾಗಲ್ಲ.”

ಗುಂಡಣ್ಣನಿಗೆ ಇಂಥ ಹೊತ್ತಿನಲ್ಲಿ ಸುಮ್ಮನಿರಲು ಬರುವುದಿಲ್ಲ. “ಸೀಟು ವಾಪಸ್ ಹಾಕೋದು ಅಂದ್ರೆ ಸುಮ್ನೆ ಅಲ್ಲ. ಸೀನಿಗೆ ರೇಸಿನ ಹಾರ್ನೆಸ್ಸು ಹಾಕಿದ್ದೀವಿ. ಚಾಲಕನಿಗೆ ಯಾವ ಬೆಲ್ಟೋ ಪಕ್ಕದವರಿಗೂ ಅದೇ ಇರ್ಬೇಕು. ಅವರಿಗೂ ಪೊರಕೆ ಪರೀಕ್ಷೆ ಆಗ್ಬೇಕು. ಇನ್‌ಸ್ಟ್ರಕ್ಟರ್ ಎಷ್ಟು ಎತ್ತರ ಬರ್ತಾರೋ ಏನೋ! ಟ್ರ್ಯಾಕ್ ದಿನಾನೇ ಮುಂದಕ್ಕೆ ಹಾಕೋದು ಮೇಲು.”

“ಎರಡೂ ಕಡೆ ಕಂಪನಿ ಬೆಲ್ಟೇ ಹಾಕು, ಸಮ ಆಗುತ್ತೆ,” ಅಂದು ವಿಮಲಕ್ಕ ಎದ್ದಳು. “ಆಯಿಲ್ ನಾನು ತರ್ತೀನಿ. ಸೀನಿ, ಅಟ್ಟ ಹತ್ತು. ಆ ಹಾರ್ಡ್‌ಟಾಪನ್ನ ಇಳಿಸೋಕೆ ಇಬ್ಬರು ಬೇಕು, ಗುಂಡಣ್ಣ ಇದ್ದಾನೆ.”

“ವಿಂಗು?” ಅಂದ ಗುಂಡಣ್ಣ.

“ಇರಲಿ ಬಿಡು,” ಅಂದರು ಮೇಷ್ಟ್ರು, “ಹಿಡ್ಕೊಂಡು ತಳ್ಳೋಕೆ ಆಗುತ್ತೆ.”

“ಆದ್ರೂ ಸೀಟಿನ ಬೋಲ್ಟು ಮಾತ್ರ ಹಳೇದು ಬೇಡ ಮೇಷ್ಟ್ರೇ. ಟೈಟಾನಿಯಂ ತರಿಸೋಣ. ತೂಕ ಉಳಿಯುತ್ತೆ.”

“ಎಷ್ಟು ಉಳಿಯುತ್ತೆ?”

“ಗ್ರಾಂ ಲೆಕ್ಕದಲ್ಲಿ.”

“ನಾನು ಕನ್ನಡಕ ತೆಗೆದಿಟ್ಟು ಕೂರ್ತೀನಿ. ಹಳೇ ಬೋಲ್ಟೇ ಹಾಕು.”