ಮಹಾಕಾಮ್ ನದಿ ದಡದಲ್ಲಿ ಜಾಗ, ಮನೆ: ಅಲ್ಲಿದ್ದವರ ಅನುಭವ

ಕೇಳಿದವರು, ಮೈಸೂರು:
ನನ್ನ ಹೆಂಡತಿ ಇಂಡೋನೇಷ್ಯಾದವಳು. ಪೂರ್ವ ಕಾಲಿಮಂತಾನ್‌ನಲ್ಲಿ ಮಹಾಕಾಮ್ ನದಿ ದಡದ ಮುವಾರಾ ಮುಂತಾಯ್ ಅವಳ ಊರು. ಮಾವನಿಗೆ ವಯಸ್ಸಾಗಿದೆ. "ಮನೆ ಪಕ್ಕದ ಜಾಗ ಕೊಡ್ತೀನಿ, ಇಲ್ಲೇ ಬಂದಿರಿ" ಅಂತಿದ್ದಾರೆ. ನಾನು ಉಳಿಸಿದ ದುಡ್ಡಿನಲ್ಲಿ ಮನೆ ಕಟ್ಟೋಣ ಅಂತಿದ್ದೇವೆ. ಜಾಗಕ್ಕೆ ನನ್ನ ಹೆಸರೂ ಸೇರಿಸಬಹುದಾ? ನೀರು, ಊಟ, ಮಳೆಗಾಲ ಹೇಗಿರುತ್ತೆ? ಮಗಳಿಗೆ ನಾಲ್ಕು ವರ್ಷ. ಇದ್ದು ಬಂದವರು ದಯವಿಟ್ಟು ಹೇಳಿ.

ಕೋತಾ ಬಾಂಗುನ್‌ನಲ್ಲಿ ಒಂಬತ್ತು ವರ್ಷದಿಂದ ಇರುವವರು, ಊರು ಶಿವಮೊಗ್ಗ:
ಸರ್, ನಮ್ಮದೂ ಹೆಚ್ಚುಕಮ್ಮಿ ಇದೇ ಕಥೆ. ನನ್ನ ಹೆಂಡತಿಯೂ ಈ ನದಿಯ ಹುಡುಗಿ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಹೆಸರಿನ ವಿಷಯ. ನಿಮ್ಮ ಹೆಸರು ಸೇರಿಸೋಕೆ ಆಗೋದಿಲ್ಲ. ಇಂಡೋನೇಷ್ಯಾದ 1960ರ ಭೂಮಿ ಕಾಯ್ದೆ ಪ್ರಕಾರ 'ಹಾಕ್ ಮಿಲಿಕ್', ಅಂದರೆ ಪೂರ್ತಿ ಒಡೆತನ, ಅಲ್ಲಿನ ಪ್ರಜೆಗೆ ಮಾತ್ರ. ಹೊರಗಿನವರಿಗೆ ಸಿಗೋದು 'ಹಾಕ್ ಪಾಕಾಯ್', ಅಂದರೆ ಬಳಸುವ ಹಕ್ಕು. ಅದಕ್ಕೆ ಇಷ್ಟು ವರ್ಷ ಅಂತ ಅವಧಿ ಇರುತ್ತದೆ. ಅಂದಹಾಗೆ ಅವರ 'ಹಾಕ್' ನಮ್ಮ 'ಹಕ್ಕು' ಎರಡೂ ಒಂದೇ ಅರಬ್ಬಿ ಮಾತಿನಿಂದ ಬಂದವು. ನೋಟರಿ ಮುಂದೆ ಕೂತು ಆ ಪದ ಮೊದಲ ಸಲ ಕೇಳಿದಾಗ ನನಗೆ ಸ್ವಲ್ಪ ಧೈರ್ಯ ಬಂದಿತ್ತು.

ಹೆಂಡತಿ ಹೆಸರಿನಲ್ಲಿ ಮಾಡಿಸಿದರೆ ಮುಗಿಯಿತು ಅಂತಲೂ ಅಂದುಕೊಳ್ಳಬೇಡಿ. ಮದುವೆಯಾದ ಮೇಲೆ ಕೊಂಡ ಆಸ್ತಿ ಗಂಡ ಹೆಂಡತಿ ಇಬ್ಬರದೂ ಅಂತ ಅಲ್ಲಿನ 1974ರ ಮದುವೆ ಕಾಯ್ದೆ ಹೇಳುತ್ತದೆ. ಗಂಡ ವಿದೇಶಿಯಾದರೆ ತೊಡಕು ಶುರುವಾಗುವುದೇ ಇಲ್ಲಿ. ಇದಕ್ಕೆ ದಾರಿ ಆಸ್ತಿ ಬೇರೆ ಬೇರೆ ಅಂತ ಒಪ್ಪಂದ ಮಾಡಿಕೊಳ್ಳುವುದು. ಮೊದಲೆಲ್ಲ ಅದನ್ನು ಮದುವೆಗೆ ಮುಂಚೆಯೇ ಮಾಡಿಕೊಳ್ಳಬೇಕಿತ್ತು. ಜಪಾನಿನವರನ್ನು ಮದುವೆಯಾಗಿದ್ದ ಇಂಡೋನೇಷ್ಯಾದ ಹೆಣ್ಣುಮಗಳೊಬ್ಬರು ಕೋರ್ಟಿಗೆ ಹೋದರು. 2016ರಲ್ಲಿ ಅಲ್ಲಿನ ಸಂವಿಧಾನ ಕೋರ್ಟು, ಮದುವೆಯಾದ ಮೇಲೂ ಮಾಡಿಕೊಳ್ಳಬಹುದು ಅಂತ ತೀರ್ಪು ಕೊಟ್ಟಿತು. ನಮ್ಮಂಥ ಎಷ್ಟೋ ಸಂಸಾರಕ್ಕೆ ಅದರಿಂದ ಉಪಕಾರ ಆಯಿತು. ನಾವು ಮದುವೆಯಾಗಿ ಐದು ವರ್ಷದ ಮೇಲೆ ಜಿಲ್ಲಾ ಕೇಂದ್ರ ತೆಂಗಾರೋಂಗ್‌ನ ನೋಟರಿ ಹತ್ತಿರ ಮಾಡಿಸಿದೆವು. ನಿಮ್ಮ ಮದುವೆ ಇಂಡಿಯಾದಲ್ಲಿ ಆಗಿದ್ದರೆ ಮೊದಲು ಅದನ್ನು ಇಂಡೋನೇಷ್ಯಾದಲ್ಲಿ ನೋಂದಾಯಿಸಿ.

ನಿಮಗೊಂದು ಅನುಕೂಲ ಇದೆ. ದಾನವಾಗಿ ಅಥವಾ ಪಿತ್ರಾರ್ಜಿತವಾಗಿ ಬಂದದ್ದು ಪಡೆದವರೊಬ್ಬರದೇ ಅಂತ ಅದೇ ಕಾಯ್ದೆ ಹೇಳುತ್ತದೆ. ಹಾಗಾಗಿ ಮಾವ ಕ್ರಯ ಮಾಡಿಕೊಡುವುದು ಬೇಡ. ತಮ್ಮ ಮಗಳಿಗೆ, ಅಂದರೆ ನಿಮ್ಮ ಹೆಂಡತಿಗೆ, ದಾನಪತ್ರ ಮಾಡಿಕೊಡಲಿ. ಅವರು 'ಹಿಬಾ' ಅಂತಾರೆ. ಬಾಮೈದ, ನಾದಿನಿ ಎಲ್ಲರ ಒಪ್ಪಿಗೆ ಸಹಿಯೂ ಇರಲಿ. ಆದರೂ ಒಪ್ಪಂದ ಬಿಡಬೇಡಿ. ಮನೆಗೆ ಬೀಳೋದು ನಿಮ್ಮ ದುಡ್ಡು ಅಲ್ವಾ?

ಈಗ ಕಾಗದ. ಮಾವನ ಹತ್ತಿರ ಏನಿದೆ ಅಂತ ಫೋಟೋ ತರಿಸಿಕೊಳ್ಳಿ. ನದಿ ಊರುಗಳಲ್ಲಿ ತುಂಬಾ ಜನರ ಹತ್ತಿರ ಇರೋದು 'ಸೆಗೆಲ್', ಅಂದರೆ ಹಳೇ ಛಾಪಾ ಕಾಗದ, ಇಲ್ಲವೇ ಊರ ಮುಖ್ಯಸ್ಥರು ಬರೆದುಕೊಟ್ಟ ಚೀಟಿ. ಅನುಭವದಲ್ಲಿದ್ದಾರೆ ಅನ್ನೋದಕ್ಕೆ ಅದು ಸಾಕ್ಷಿ, ಒಡೆತನದ ಪತ್ರ ಅಲ್ಲ. ನಮ್ಮ ಬಿ ಖಾತಾ ಇದ್ದ ಹಾಗೆ ಅಂದುಕೊಳ್ಳಿ. ಭೂ ಕಚೇರಿಯಿಂದ ಸರ್ಟಿಫಿಕೇಟ್ ಆಗಬೇಕು, ಅದಕ್ಕೆ ಅಳತೆ ಆಗಬೇಕು, ಅಕ್ಕಪಕ್ಕದವರು ಗಡಿಗೆ ಸಹಿ ಹಾಕಬೇಕು.

ನಮ್ಮ ಹಳೇ ಕಾಗದದಲ್ಲಿ ಚೆಕ್ಕುಬಂದಿ ಹೀಗಿತ್ತು: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ದುರಿಯನ್ ಮರ, ಉತ್ತರಕ್ಕೆ ಯಾವತ್ತೋ ತೀರಿಹೋದವರ ತೋಟ, ದಕ್ಷಿಣಕ್ಕೆ ಮಹಾಕಾಮ್. ದುರಿಯನ್ ಮರ ಬಿದ್ದೇ ಎಷ್ಟೋ ವರ್ಷ ಆಗಿತ್ತು. ಅಳೆಯೋಕೆ ಬಂದ ಹುಡುಗರು ಟೇಪು ಹಿಡಿದು ನಿಂತುಬಿಟ್ಟರು. ಆಗ ಪಕ್ಕದ ಮನೆ ಅಜ್ಜಿ ಬರಿಗಾಲಲ್ಲಿ ಕೆಸರಿಗಿಳಿದು, ಕೈಯಲ್ಲಿದ್ದ ಕೊಡೆ ಮಡಚಿ, ಅದರ ತುದಿಯಿಂದ ನೆಲ ಚುಚ್ಚುತ್ತಾ ಹೋದರು. ಒಂದು ಕಡೆ 'ಟಕ್' ಅಂತ ತಗುಲಿತು. ಕೆಸರು ಸರಿಸಿದರೆ ಕಪ್ಪಗಾದ ಬೊಡ್ಡೆ! ಗೂಟ ಅಲ್ಲೇ ನೆಟ್ಟರು. ಎಲ್ಲರ ಸಹಿ ಬಿದ್ದದ್ದು ಆ ಅಜ್ಜಿಯ ಜಗಲಿ ಮೇಲೆ, ಕರಿದ ಬಾಳೆಹಣ್ಣು ತಿನ್ನುತ್ತಾ. ಅದಕ್ಕೇ ಹೇಳ್ತೀನಿ, ವಯಸ್ಸಾದವರು ಇರುವಾಗಲೇ ಅಳತೆ ಮಾಡಿಸಿ. ಮನೆ ಆಮೇಲೆ ಕಟ್ಟಿದರೂ ನಡೆಯುತ್ತೆ, ಇದು ತಡ ಮಾಡಬಾರದು.

ಈ ನದಿಗೂ ದಾನದ ಕಾಗದಕ್ಕೂ ಹಳೇ ನಂಟು. ನಿಮ್ಮ ಊರಿಂದ ಕೆಳಗೆ ಬಂದರೆ ಮುವಾರಾ ಕಾಮಾನ್ ಸಿಗುತ್ತದೆ. ಮೂಲವರ್ಮ ರಾಜ ಬ್ರಾಹ್ಮಣರಿಗೆ ಹಸು ದಾನ ಕೊಟ್ಟದ್ದನ್ನು ಹೇಳುವ ಯೂಪ ಶಾಸನಗಳು, ಅಂದರೆ ಯಜ್ಞದ ಕಂಬದ ಮೇಲೆ ಕೆತ್ತಿದ ಬರಹಗಳು, ಸಿಕ್ಕಿದ್ದು ಅಲ್ಲೇ. ಸಂಸ್ಕೃತ ಭಾಷೆ, ಪಲ್ಲವ ಲಿಪಿ. ಇಂಡೋನೇಷ್ಯಾದಲ್ಲಿ ಸಿಕ್ಕ ಅತಿ ಹಳೆಯ ಶಾಸನಗಳು ಅವೇ. ಈಗ ಜಕಾರ್ತಾದ ಮ್ಯೂಸಿಯಂನಲ್ಲಿವೆ.

ಕೊನೆಯದಾಗಿ ಬೇನಾಮಿ. ಬೇರೆ ಯಾರದೋ ಹೆಸರಲ್ಲಿ ಕೊಳ್ಳಿ ಅಂತ ಸಲಹೆ ಕೊಡೋರು ಸಿಗುತ್ತಾರೆ. ನನ್ನ ಪರಿಚಯದ ಒಬ್ಬರು ಹಾಗೆ ಮಾಡಿ ಎಲ್ಲ ಕಳೆದುಕೊಂಡರು. ಅಂಥ ವ್ಯವಹಾರ ಕಾನೂನಿನ ಪ್ರಕಾರ ರದ್ದು, ಕೊಟ್ಟ ದುಡ್ಡನ್ನೂ ವಾಪಸ್ ಕೇಳುವ ಹಾಗಿಲ್ಲ. ಖಂಡಿತ ಬೇಡ.

ಮೂರು ವರ್ಷ ಮುವಾರಾ ಮುಂತಾಯ್‌ನಲ್ಲಿದ್ದವರು, ಊರು ಪುತ್ತೂರು:
ಅಣ್ಣಾ, ಆ ಊರು ಅಂದರೆ ನನಗೆ ಪ್ರಾಣ. ಬೀದಿಯೆಲ್ಲ ಮರದ್ದು. ಉಲಿನ್ ಅನ್ನೋ ಗಟ್ಟಿ ಮರದ ಹಲಗೆ ಹಾಸಿರುತ್ತಾರೆ. ಬೈಕು ಬಂದರೆ ದಡದಡ ಅಂತ ಆ ತುದಿಯಿಂದಲೇ ಕೇಳಿಸುತ್ತೆ. ಮೊದಲ ವಾರ ನನಗೆ ನಿದ್ದೆ ಇಲ್ಲ. ಊರು ಬಿಟ್ಟು ಬಂದ ಮೇಲೆ ಆ ಸದ್ದಿಲ್ಲದೆ ನಿದ್ದೆ ಬರಲಿಲ್ಲ.

ನೀರು ಬರುತ್ತೆ. ಯಾರೂ ಗಾಬರಿ ಆಗೋದಿಲ್ಲ. ನಾವಿದ್ದ ಮನೆಯ ಕಂಬದಲ್ಲಿ ಚಾಕುವಿನಿಂದ ಗೀರಿದ ಗುರುತುಗಳಿದ್ದವು, ಮಕ್ಕಳ ಎತ್ತರ ಗುರುತು ಹಾಕ್ತೀವಲ್ಲ ಹಾಗೆ. ಒಂದೊಂದು ನೆರೆಗೆ ಒಂದೊಂದು ಗೀರು. ಅತಿ ಮೇಲಿನದು ನನ್ನ ಮೊಣಕಾಲಿಗಿಂತ ಸ್ವಲ್ಪ ಮೇಲಿತ್ತು, ಅದೂ ಎತ್ತರಿಸಿದ ಮನೆಯೊಳಗೆ! ನೀರು ಏರಿದಾಗ ಒಳಗೇ ಇನ್ನೊಂದು ಅಟ್ಟಣೆ ಹಲಗೆ ಹಾಕಿ, ಒಲೆ, ಅಕ್ಕಿ, ಫ್ರಿಜ್ಜು ಎಲ್ಲ ಮೇಲಿಡುತ್ತಾರೆ. ನಿಮ್ಮ ಮಾವನ ಮನೆ ಕಂಬ ನೋಡಿ, ಅದಕ್ಕಿಂತ ಮೇಲೆ ನೆಲ ಹಾಕಿಸಿ. ಸಿಮೆಂಟು ಮನೆ ಕಟ್ಟಿ ಮಣ್ಣು ತುಂಬಿಸುವ ಆಸೆ ಬೇಡ. ಬೇಸಿಗೆಯಲ್ಲಿ, ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ, ಇದಕ್ಕೆ ಉಲ್ಟಾ. ಹತ್ತಿರದ ಜೆಂಪಾಂಗ್ ಸರೋವರ ಇಳಿದು ಹುಲ್ಲುಗಾವಲಿನ ಹಾಗಾಗುತ್ತೆ. ದೋಣಿ ತಳ ತಾಗಿ ನಿಂತುಬಿಡುತ್ತೆ.

ನೀರಿಗಿಂತ ನನಗೆ ಭಯ ಇದ್ದದ್ದು ಬೆಂಕಿಗೆ. ಮರದ ಮನೆ, ಒಂದಕ್ಕೊಂದು ತಾಗಿಕೊಂಡಂತೆ. ಸರ್ಟಿಫಿಕೇಟ್, ಪಾಸ್‌ಪೋರ್ಟ್ ಎಲ್ಲ ಒಂದು ಚೀಲದಲ್ಲಿ ಬಾಗಿಲ ಹತ್ತಿರ ಇಟ್ಟಿರುತ್ತಿದ್ದೆ. ವೈರಿಂಗ್‌ಗೆ ದುಡ್ಡು ಹಿಡಿಯಬೇಡಿ. ಪಕ್ಕದಲ್ಲಿ ಕಿಟಕಿ ಇಲ್ಲದ ಎತ್ತರದ ಕಟ್ಟಡ ಇದೆಯಾ ನೋಡಿ. ಇದ್ದರೆ ಅದು ಗೂಡಿಗಾಗಿ ಹಕ್ಕಿ ಕರೆಯುವ ಮನೆ. ಚೈನಾದವರು ಸೂಪಿಗೆ ಕೊಳ್ಳುತ್ತಾರಲ್ಲ, ಆ ಗೂಡು. ಸ್ಪೀಕರಿನಲ್ಲಿ ಇಡೀ ದಿನ ಚಿಲಿಪಿಲಿ ಹಾಕಿರುತ್ತಾರೆ. ಮಲಗುವ ಕೋಣೆ ಆ ಕಡೆ ಬೇಡ.

ಸ್ನಾನ, ಬಟ್ಟೆ ಎಲ್ಲ ನದಿ ನೀರೇ. ಡ್ರಮ್ಮಿಗೆ ತುಂಬಿ ಪಟಿಕ ಹಾಕಿದರೆ ಕೆಸರು ಕೂರುತ್ತೆ. ಕುಡಿಯೋಕೆ ಮಾತ್ರ ಕ್ಯಾನಿನ ನೀರು. ಮಗುವಿಗಂತೂ ಅದೇ ಕೊಡಿ.

ಊಟದಲ್ಲಿ ಮೀನೇ ರಾಜ. ನಾವು ಸಸ್ಯಾಹಾರಿಗಳು. ಮೊದಲ ತಿಂಗಳು ಕಷ್ಟವಾಯಿತು, ಯಾಕೆಂದರೆ ಚಟ್ನಿಗೂ ತೆರಾಸಿ ಅನ್ನೋ ಸೀಗಡಿ ಉಂಡೆ ಹಾಕುತ್ತಾರೆ. "ತಾನ್ಪಾ ತೆರಾಸಿ", ಅಂದರೆ ತೆರಾಸಿ ಇಲ್ಲದೆ, ಅನ್ನೋದು ಮೊದಲು ಕಲಿಯಿರಿ. ತೆಂಪೆ ಅನ್ನೋ ಹುದುಗಿಸಿದ ಸೋಯಾ ಬಿಲ್ಲೆ, ಕಾಂಗ್ಕುಂಗ್ ಸೊಪ್ಪು, ಎಳೆ ಹಲಸು, ತೆಂಗಿನಕಾಯಿ ಎಲ್ಲ ಸಿಗುತ್ತೆ. ಒಂದು ದಿನ ಪಕ್ಕದ ಮನೆಯ ಇಬು (ಅಲ್ಲಿ ಅಮ್ಮನಂಥವರನ್ನು ಹೀಗೆ ಕರೆಯುತ್ತಾರೆ; ಅವರು ಅಲ್ಲಿನ ಬಂಜಾರ್ ಜನಾಂಗದವರು) ಒಂದು ತಟ್ಟೆ ಕೊಟ್ಟರು. ಹಲಸಿನ ತಮ್ಮನಂಥ ಚೆಂಪೆಡಾಕ್ ಹಣ್ಣಿನ ಸಿಪ್ಪೆಯನ್ನು ಉಪ್ಪು ನೀರಲ್ಲಿ ಹಾಕಿಟ್ಟು, ಆಮೇಲೆ ಹುರಿದದ್ದು. ಮಂದಾಯ್ ಅಂತಾರೆ. ಬಾಯಿಗಿಟ್ಟರೆ ನಮ್ಮ ಉಪ್ಪು ಸೊಳೆಯ ರುಚಿ! ಅಜ್ಜಿ ಮನೆಯ ಭರಣಿ ನೆನಪಾಗಿ ಕಣ್ಣಲ್ಲಿ ನೀರು ಬಂತು. ಇಬು ಹೆದರಿ, ಖಾರ ಆಯಿತಾ ಅಂತ ನೀರು ತಂದರು.

ಸಮರಿಂದಾದಲ್ಲಿ ಕೆಲಸ ಮಾಡಿದ್ದವರು, ಊರು ಬಳ್ಳಾರಿ:
ಎರಡೇ ಮಾತು. ದೊಡ್ಡ ಆಸ್ಪತ್ರೆಗೆ ತೆಂಗಾರೋಂಗ್ ಅಥವಾ ಸಮರಿಂದಾಕ್ಕೇ ಬರಬೇಕು, ರಾತ್ರಿ ಹೊತ್ತು ಯಾರ ದೋಣಿ ಸಿಗುತ್ತೆ ಅಂತ ಮೊದಲೇ ಮಾತಾಡಿಡಿ. ಇನ್ನೊಂದು, ದಡದ ಅಂಚಿಗೆ ಕಟ್ಟಬೇಡಿ. ಕಲ್ಲಿದ್ದಲು ತುಂಬಿದ ಬಾರ್ಜುಗಳು ಓಡಾಡುವ ನದಿ ಅದು, ಅಲೆ ಬಡಿದು ಬಡಿದು ದಡ ಕುಸಿಯುತ್ತೆ.

ಕೇಳಿದವರು:
ಎಲ್ಲರಿಗೂ ಕೈ ಮುಗಿದೆ. ಕೇಳೋಕೆ ಸಂಕಟ ಆಗುತ್ತೆ, ಆದರೂ ಕೇಳ್ತೀನಿ. ನಾಳೆ ಅವಳಿಗೇ ಏನಾದರೂ ಆದರೆ?

ಕೋತಾ ಬಾಂಗುನ್‌ನವರು:
ಕೇಳಿದ್ದು ಒಳ್ಳೇದಾಯ್ತು. ನನ್ನ ಹೆಂಡತಿಯೇ ನನ್ನನ್ನು ಕೂರಿಸಿಕೊಂಡು ಇದನ್ನು ಮಾತಾಡಿದ್ದಳು. ವಿದೇಶಿಗೆ ವಾರಸಿನಿಂದ ಜಾಗ ಬಂದರೆ ಒಂದು ವರ್ಷದೊಳಗೆ ಆ ಹಕ್ಕು ಬಿಟ್ಟುಕೊಡಬೇಕು, ಮಾರಬೇಕು ಇಲ್ಲವೇ ಅಲ್ಲಿನ ಪ್ರಜೆಗೆ ಮಾಡಿಕೊಡಬೇಕು. ನಿಮ್ಮ ಮಗಳು ಮುಂದೆ ಆ ದೇಶದ ಪ್ರಜೆಯಾಗಿಯೇ ಉಳಿದರೆ ಅವಳಿಗೆ ನಿಲ್ಲುತ್ತದೆ. ಒಪ್ಪಂದ ಮಾಡಿಸುವ ದಿನವೇ ಇದನ್ನೂ ನೋಟರಿ ಹತ್ತಿರ ಕೇಳಿ, ಇಬ್ಬರೂ ಒಟ್ಟಿಗೆ ಕೂತು. ತೆಂಗಾರೋಂಗ್‌ಗೆ ಬರುವ ದಿನ ಹೇಳಿ, ನಾವಿಬ್ಬರೂ ಬರುತ್ತೇವೆ. ನಿಮ್ಮ ಮನೆಯವರಿಗೂ ನಮ್ಮವಳಿಗೂ ಮಾತಾಡೋಕೆ ಬೇಕಾದಷ್ಟಿರುತ್ತೆ.