'ಸಿರ್ಸಿ' ಅಂತ ಊರ ಹೆಸರಿಟ್ರೆ ಟ್ರೇಡ್‌ಮಾರ್ಕ್ ಸಿಗ್ತದಾ?

ಮಿಡಿಮಾವು:
ನಮ್ದು ಸಿರ್ಸಿ ಹತ್ರ ಮನೆಲೇ ಮಾಡೂ ಉದ್ಯೋಗ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಸೀಸನ್ ಬಂದ್ರೆ ಜೋನಿಬೆಲ್ಲ. ಡಬ್ಬಿ ಮೇಲೆ 'ಸಿರ್ಸಿ ಮಿಡಿ' ಅಂತ ಹಾಕ್ತೇವೆ, ಬೆಂಗಳೂರಿಗೂ ಹೋಗ್ತದೆ. ಈಗ ಪೇಟೆಲಿ ಇನ್ನೊಬ್ರು ಅದೇ ಹೆಸ್ರು, ಅದೇ ಹಸಿರು ಲೇಬಲ್, ಮಿಡಿಗೊಂಚಲಿನ ಚಿತ್ರ ಸಮೇತ ಹಾಕಿ ಮಾರ್ಲಿಕ್ಕೆ ಶುರು ಮಾಡಿದಾರೆ. ಟ್ರೇಡ್‌ಮಾರ್ಕ್ ಮಾಡ್ಸಿದ್ರೆ ನಿಲ್ಲಿಸ್ಬಹುದಾ? ಒಬ್ರು ಊರ ಹೆಸ್ರು ಕೊಡೂದೇ ಇಲ್ಲ ಅಂದ್ರು, ಇನ್ನೊಬ್ರು ಮೈಸೂರ್ ಸ್ಯಾಂಡಲ್ ಇಲ್ವಾ ಅಂತಾರೆ. ತಲೆ ಕೆಟ್ಟೋಯ್ತು ಮಾರಾಯ್ರೆ.

ಕೋರ್ಟ್‌ಕಟ್ಟೆ:
ಕೊಡೂದೇ ಇಲ್ಲ ಅಂತಲ್ಲ, ಆದ್ರೆ ಸುಲಭಕ್ಕೆ ಕೊಡೂದಿಲ್ಲ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಸೆಕ್ಷನ್ 9(1)(ಬಿ) ನೋಡಿ, ಮಾಲು ಎಂತದ್ದು, ಯಾವ ಊರಿಂದ ಬಂದದ್ದು ಅಂತ ಅಷ್ಟೇ ಹೇಳೂ ಹೆಸ್ರನ್ನ ರಿಜಿಸ್ಟರ್ ಮಾಡೂ ಹಾಗಿಲ್ಲ, ಯಾಕಂದ್ರೆ ನಾಳೆ ಸಿರ್ಸಿಲಿ ಉಪ್ಪಿನಕಾಯಿ ಹಾಕೂ ಪ್ರತಿಯೊಬ್ರಿಗೂ ಸಿರ್ಸಿ ಅಂತ ಬರೀಲಿಕ್ಕೆ ಬೇಕಲ್ಲ. ನಿಮ್ಮ ಹೆಸ್ರಲ್ಲಿ ಸಿರ್ಸಿ ಊರು, ಮಿಡಿ ಮಾಲು, ಎರಡೂ ಕಡೆ ಸಿಕ್ಕಿಬೀಳ್ತದೆ. ವಿನಾಯ್ತಿ ಒಂದಿದೆ, ಅರ್ಜಿ ಹಾಕೂ ಮೊದ್ಲೇ ಬಳಕೆಯಿಂದ ಜನ ಆ ಹೆಸ್ರು ಕೇಳಿದ್ರೆ ಊರಲ್ಲ, ನಿಮ್ಮ ಡಬ್ಬಿಯನ್ನೇ ನೆನೆಸ್ಕೊಳ್ಳೂ ಹಾಗಾಗಿದ್ರೆ ಕೊಡ್ತಾರೆ. ಅದಕ್ಕೆ ಹಳೇ ಬಿಲ್ಲು, ಹಳೇ ಲೇಬಲ್, ಜಾಹೀರಾತು ಎಲ್ಲ ಅಫಿಡವಿಟ್ ಜೊತೆ ಕೊಡ್ಬೇಕು. ಬರೀ ಬಾಯಿಮಾತು ನಡೆಯೂದಿಲ್ಲ.

ಮೈಸೂರ್ ಸ್ಯಾಂಡಲ್ ಜೊತೆ ಹೋಲಿಸ್ಬೇಡಿ, ನೂರು ವರ್ಷ ಹಳೇ ಸೋಪು ಅದು, ಜಿಐ ಟ್ಯಾಗೂ (ಇಂಥ ಊರಿನ ವಿಶೇಷ ಮಾಲು ಅಂತ ಸರ್ಕಾರ ಕೊಡೂ ಗುರುತು) ಇದೆ.

ಕುಮಟಾ_ಕಡೆಯವ:
ಹಾಗಾದ್ರೆ 'ಯಾಣ' ಅಂತ ಇಡ್ಲಿ? ಬಂಡೆಗೂ ಉಪ್ಪಿನಕಾಯಿಗೂ ಎಂತ ಸಂಬಂಧ 😄

ಕೋರ್ಟ್‌ಕಟ್ಟೆ:
ನಗೂ ಪ್ರಶ್ನೆ ಅಲ್ಲ ಅದು. ಮಾಂಟ್ ಬ್ಲಾಂಕ್ ಪೆನ್ನು ಆಲ್ಪ್ಸ್‌ನ ಅದೇ ಹೆಸ್ರಿನ ಹಿಮದ ಗುಡ್ಡದ ಮೇಲೆ ಮಾಡ್ತಾರೆ ಅಂತ ಯಾರೂ ತಿಳ್ಕೊಳ್ಳೂದಿಲ್ಲ, ಆದ್ರಿಂದ ಅಂತ ಹೆಸ್ರಿಗೆ ತೊಂದ್ರೆ ಕಮ್ಮಿ. ಆದ್ರೆ ಪ್ರಸಿದ್ಧ ಊರಾದ್ರೆ ಕಷ್ಟ, ಇಂಪೀರಿಯಲ್ ಟೊಬ್ಯಾಕೊದವ್ರು ಸಿಗರೇಟಿಗೆ 'ಸಿಮ್ಲಾ' ಅಂತ ಕೇಳಿದ್ರು, 1977ರಲ್ಲಿ ಕಲ್ಕತ್ತಾ ಹೈಕೋರ್ಟ್ ಕೊಡ್ಲಿಲ್ಲ, ಸಿಮ್ಲಾದಲ್ಲಿ ತಂಬಾಕು ಬೆಳೆಯೂದು ಯಾರು ಕೇಳಿದಾರೆ ಹೇಳಿ, ಆದ್ರೂ ಊರು ಅಷ್ಟು ಪ್ರಸಿದ್ಧ ಅಂತ ಕೊಡ್ಲಿಲ್ಲ. ಯಾಣದ ಹತ್ರನೇ ಮಿಡಿ ಸಿಗ್ತದೆ ಅಂತಾದ್ರೆ ಅಧಿಕಾರಿ ಅದನ್ನೇ ಹಿಡೀಬಹುದು.

ಅಂಕೋಲಾ_ಇಶಾಡ್:
ಜಿಐ ವಿಷಯ ಯಾರೂ ಸರಿ ಹೇಳ್ಲಿಲ್ವಲ್ಲ. ಸಿರ್ಸಿ ಸುಪಾರಿಗೆ 2019ರಲ್ಲೇ ಬಂತು, ನಮ್ಮ ಕರಿ ಇಶಾಡ್ ಮಾವಿಗೆ 2023ರಲ್ಲಿ, ಅಪ್ಪೆಮಿಡಿಗೂ ಇದೆ. ಜಿಐ ಇರೂ ಹೆಸ್ರನ್ನ ಒಬ್ಬ ತನ್ನ ಟ್ರೇಡ್‌ಮಾರ್ಕ್ ಅಂತ ಹಿಡ್ಕೊಳ್ಲಿಕ್ಕೆ ಜಿಐ ಕಾಯ್ದೆ ಸೆಕ್ಷನ್ 25 ಅಡ್ಡ ಬರ್ಬಹುದು. ಅಂದ್ರೆ ಮಿಡಿಮಾವು ಅವ್ರೆ, ನಾಳೆ ಹೆಸ್ರಿಗೆ 'ಅಪ್ಪೆಮಿಡಿ' ಅಂತ ಸೇರ್ಸೂ ಆಲೋಚ್ನೆ ಇದ್ರೆ ಬಿಟ್ಬಿಡಿ. ಮಾಲು ಎಂತದ್ದು ಅಂತ ಕೆಳಗೆ ಬರೀಲಿಕ್ಕೆ ಅಡ್ಡಿ ಇಲ್ಲ.

ಮಿಡಿಮಾವು:
ಹಾಗಾದ್ರೆ ಆ ಇನ್ನೊಬ್ರು ಮಜವಾಗಿ ಮಾರ್ಕೊಂಡಿರ್ಬಹುದಾ? 🤦

ಕೋರ್ಟ್‌ಕಟ್ಟೆ:
ಇಲ್ಲ, ಅಲ್ಲೇ ನಿಮ್ಮ ಹಿಡಿತ ಇರೂದು. ಅವ್ರು ಸಿರ್ಸಿ ಅಂತ ಬರೆದದ್ದಕ್ಕಿಂತ ನಿಮ್ಮ ಲೇಬಲ್ಲೇ ಎತ್ತಿ ಹಾಕಿದ್ದು ದೊಡ್ಡ ತಪ್ಪು. ರಿಜಿಸ್ಟರ್ ಆಗದೇ ಇದ್ರೂ ಪಾಸಿಂಗ್ ಆಫ್ (ತಮ್ಮ ಮಾಲನ್ನ ನಿಮ್ಮದು ಅಂತ ನಂಬಿಸಿ ಮಾರೂದು) ಅಂತ ಕೇಸ್ ಹಾಕ್ಲಿಕ್ಕೆ ಬರ್ತದೆ, ಗಿರಾಕಿ ಮೋಸ ಹೋಗೂ ಹಾಗಿದೆ ಅಂತ ತೋರಿಸ್ಬೇಕು. ಎರಡೂ ಡಬ್ಬಿ ಪಕ್ಕಪಕ್ಕ ಇಟ್ಟು ಫೋಟೋ ತೆಗೀರಿ, ಅವ್ರ ಅಂಗಡಿ ಬಿಲ್ಲೂ ತಗೊಳ್ಳಿ. ಇನ್ನು ಅರ್ಜಿ ಹಾಕೂದಾದ್ರೆ ಹೆಸ್ರು ಒಂದನ್ನೇ ಹಾಕ್ಬೇಡಿ, ನಿಮ್ಮ ಮನೆತನದ್ದೋ ಕಟ್ಟಿದ್ದೋ ಒಂದು ಬೇರೆ ಪದ ಸೇರ್ಸಿ ಲೇಬಲ್ ಚಿತ್ರ ಸಮೇತ ಹಾಕಿ, ಸಿಕ್ರೆ ಪೂರ್ತಿ ಲೇಬಲ್ಲಿಗೆ ಹಕ್ಕು, ಒಳಗಿನ 'ಸಿರ್ಸಿ'ಗೆ ಬೇರೆ ಹಕ್ಕು ಬರೂದಿಲ್ಲ. ಟ್ರೇಡ್‌ಮಾರ್ಕಿಗೆ ಮಾಲನ್ನ ಕ್ಲಾಸ್ ಅಂತ ಗುಂಪು ಮಾಡಿದಾರೆ, ಉಪ್ಪಿನಕಾಯಿ ಕ್ಲಾಸ್ 29, ಬೆಲ್ಲ 30, ಒಬ್ರೇ ಮಾಲೀಕರಾದ್ರೆ ಆನ್‌ಲೈನ್‌ನಲ್ಲಿ ಒಂದೊಂದು ಕ್ಲಾಸಿಗೆ 4,500 ರೂಪಾಯಿ. ಅರ್ಜಿ ನೋಡೂ ಅಧಿಕಾರಿಯಿಂದ ಆಕ್ಷೇಪ ಬಂದ್ರೆ ಒಂದು ತಿಂಗಳಲ್ಲಿ ಉತ್ತರ ಕೊಡ್ಬೇಕು, ಆ ಇಮೇಲ್ ನೋಡದೇ ಬಿಟ್ಟವ್ರು ತುಂಬಾ ಜನ ಇದಾರೆ.

ಮಿಡಿಮಾವು:
ಸರಿ, ಮೊದ್ಲು ಆ ಡಬ್ಬಿ ಒಂದು ತರಿಸ್ತೆ. ರುಚಿನೂ ನೋಡ್ಬೇಕಲ್ಲ.